ನೆರಳಿನ ಕಡೆಯ ಗಾಳಿ

ನಾದಿನಿಗೆ ಕೆಲವು ವರ್ಷಗಳಿಂದ ವಾಸನೆ ಎಂಬುದೇ ತಿಳಿಯುತ್ತಿರಲಿಲ್ಲ. ಯಾವುದೋ ಜ್ವರ ಬಂದು ಹೋಗುವಾಗ ಮೂಗಿನ ಬುದ್ಧಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಹಾಲು ಒಡೆದರೂ ಒಂದೇ, ಒಲೆಯ ಮೇಲಿನದು ಸೀದು ಕರಕಲಾದರೂ ಒಂದೇ. "ನೀನು ಅಡುಗೆಮನೆ ಕಡೆ ತಲೆ ಹಾಕ್ಬೇಡ ತಾಯಿ, ಮನೆ ಸುಟ್ಟುಹೋದ್ರೂ ನಿನಗೆ ಗೊತ್ತಾಗಲ್ಲ" ಎಂದು ಅತ್ತಿಗೆ ಆಡಿಕೊಳ್ಳುತ್ತಿದ್ದಳು. ಅವಳೂ ನಕ್ಕು ಸುಮ್ಮನಾಗುತ್ತಿದ್ದಳು. ಅವಳ ಕೆಲಸಕ್ಕೆ ಕೈ ಮತ್ತು ಕಣ್ಣು ಇದ್ದರೆ ಸಾಕಿತ್ತು.

ಇಬ್ಬರೂ ಸೇರಿ ಶಾಲೆಯಿಂದ ಶಾಲೆಗೆ ಆಕಾಶ ತೋರಿಸುತ್ತ ತಿರುಗುತ್ತಿದ್ದರು. ದಪ್ಪ ಬಟ್ಟೆಯ ಒಂದು ಗುಮ್ಮಟ. ಸುತ್ತಿಟ್ಟರೆ ಹಾಸಿಗೆಯ ಸುರುಳಿಯಷ್ಟು, ಬ್ಲೋವರ್ ಹಚ್ಚಿ ಗಾಳಿ ತುಂಬಿದರೆ ಒಂದು ತರಗತಿಯ ಮಕ್ಕಳೆಲ್ಲ ಒಳಗೆ ಹಿಡಿಸುವಷ್ಟು. ಮಕ್ಕಳು ಬಟ್ಟೆಯ ಬಾಗಿಲಿನಿಂದ ತೆವಳಿಕೊಂಡು ಹೋಗಿ ಚಾಪೆಯ ಮೇಲೆ ಕೂತರೆ ತಲೆಯ ಮೇಲೆಲ್ಲ ನಕ್ಷತ್ರಗಳು. ಕಥೆ ಹೇಳುವುದು ಅತ್ತಿಗೆಯ ಪಾಲು. ಅವಳು ಹಿಂದೆ ವಿಜ್ಞಾನದ ಟೀಚರ್ ಆಗಿದ್ದವಳು, ಮಾತಿಗೆ ನಿಂತರೆ ಗಡಿಯಾರಕ್ಕೇ ನಾಚಿಕೆಯಾಗಬೇಕು. ಯಂತ್ರಗಳು ನಾದಿನಿಯ ಪಾಲು. ಇವರಿಬ್ಬರನ್ನು ಸಂಬಂಧಿಗಳಾಗಿ ಮಾಡಿದ ಅಣ್ಣ ಸರಕು ಹಡಗಿನಲ್ಲಿ ಕೆಲಸಕ್ಕಿದ್ದು, ವರ್ಷದ ಹೆಚ್ಚಿನ ಪಾಲು ನೀರಿನ ಮೇಲೆಯೇ ಇರುತ್ತಿದ್ದ. ಹೀಗಾಗಿ ಅತ್ತಿಗೆ ನಾದಿನಿ ಜಗಳವಾಡಿದರೂ ರಾಜಿಯಾದರೂ ನಡುವೆ ಮಾತಾಡುವವರು ಯಾರೂ ಇರಲಿಲ್ಲ.

ಗುಮ್ಮಟಕ್ಕೆ ಚಿತ್ರ ಕಳಿಸುವ ಕಂಪ್ಯೂಟರನ್ನು ನಾದಿನಿ ಸ್ವಂತ ಕೈಯಿಂದ ಕಟ್ಟಿದ್ದಳು. ದೊಡ್ಡ ಪೆಟ್ಟಿಗೆಯ ಕಂಪ್ಯೂಟರ್ ಹೊತ್ತುಕೊಂಡು ಬಸ್ಸು ಹತ್ತಲು ಆಗುವುದಿಲ್ಲ; ಲ್ಯಾಪ್‌ಟಾಪಿಗೆ ಇಡೀ ಆಕಾಶ ಬಿಡಿಸುವ ತಾಕತ್ತಿಲ್ಲ. ರಿಪೇರಿ ಅಂಗಡಿಯಲ್ಲಿ ದುಡಿದ ಅನುಭವವನ್ನೆಲ್ಲ ಹಾಕಿ, ತಗಡನ್ನು ತಾನೇ ಕತ್ತರಿಸಿ ಬಗ್ಗಿಸಿ, ಶೂ ಡಬ್ಬಿಯಷ್ಟು ಜಾಗದಲ್ಲಿ ಅವಳು ಎಲ್ಲವನ್ನೂ ತುರುಕಿದ್ದಳು. ಹೆಗಲ ಚೀಲದಲ್ಲಿ ಹಾಕಿಕೊಂಡರೆ ಬುತ್ತಿ ಹೊತ್ತ ಹಾಗೆ. ಅದಕ್ಕೆ ಬೇರೆ ಹೆಸರಿಡಲಿಲ್ಲ. ಇಬ್ಬರಿಗೂ ಅದು ಡಬ್ಬಿ.

ಡಬ್ಬಿಗೆ ಇದ್ದದ್ದು ಒಂದೇ ರೋಗ, ಬಿಸಿ. ಇಕ್ಕಟ್ಟಾದ ಜಾಗದಲ್ಲಿ ಅಷ್ಟೊಂದು ಕೆಲಸ ಮಾಡುವ ಯಂತ್ರ ಕಾಯದೆ ಇರುತ್ತದೆಯೇ? ನಾದಿನಿ ತಗಡಿನ ತುಂಬ ತೂತು ಕೊರೆದಳು, ತಾಮ್ರದ ಪಟ್ಟಿ ಕೂರಿಸಿದಳು, ಎರಡು ಪುಟ್ಟ ಫ್ಯಾನ್ ಹಾಕಿದಳು, ಫ್ಯಾನ್ ಬದಲಿಸಿದಳು, ತಿರುಗಿಸಿ ಹಾಕಿದಳು. ರಾತ್ರಿ ಊಟದ ಹೊತ್ತಿಗೂ ಪಕ್ಕದಲ್ಲಿ ಡಬ್ಬಿ. "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ಅತ್ತಿಗೆ ಹೇಳಿದರೆ, "ಹೆಗ್ಗಣಕ್ಕೆ ಜ್ವರ ಅತ್ತಿಗೆ, ಸುಮ್ನಿರಿ" ಎನ್ನುತ್ತಿದ್ದಳು. ಕೊನೆಗೆ ಉಪಾಯ ಹೊಳೆದದ್ದು ಗುಮ್ಮಟದಿಂದಲೇ. ಹೊರಗಿನ ಬ್ಲೋವರ್ ಒಂದು ಬಟ್ಟೆಯ ಕೊಳವೆಯ ಮೂಲಕ ಎಡೆಬಿಡದೆ ಗುಮ್ಮಟದೊಳಕ್ಕೆ ಗಾಳಿ ನೂಕುತ್ತಿತ್ತಲ್ಲ, ಆ ಕೊಳವೆಯ ಬಾಯಿಗೇ ಡಬ್ಬಿಯನ್ನು ಇಟ್ಟುಬಿಟ್ಟರೆ? ಇಟ್ಟಳು. ಜ್ವರ ಇಳಿದ ಮಗುವಿನ ಹಾಗೆ ಡಬ್ಬಿ ತಣ್ಣಗಾಯಿತು. ಅಂದಿನಿಂದ ಯಾವ ಶಾಲೆಗೆ ಹೋದರೂ ಅವಳು ಮೊದಲು ಹುಡುಕುತ್ತಿದ್ದದ್ದು ನೆರಳಿನ ಕಡೆ. ಬ್ಲೋವರ್ ಅಲ್ಲಿ, ಕೊಳವೆ ಒಳಕ್ಕೆ, ಕೊಳವೆಯ ಬಾಯಲ್ಲಿ ಡಬ್ಬಿ. ಡಬ್ಬಿಯ ಮುಂಬದಿಯ ಪುಟ್ಟ ಪರದೆಯಲ್ಲಿ ಒಳಗಿನ ಬಿಸಿ ಎಷ್ಟೆಂದು ಸಂಖ್ಯೆ ಕಾಣುತ್ತಿತ್ತು. ಎಪ್ಪತ್ತರ ಒಳಗಿದ್ದರೆ ಕ್ಷೇಮ. ನೂರು ಮುಟ್ಟಿದರೆ ಡಬ್ಬಿ ತನ್ನನ್ನು ಕಾಪಾಡಿಕೊಳ್ಳಲು ತಾನೇ ಆರಿಹೋಗುತ್ತಿತ್ತು.

ಆ ದಿನ ಹೋದ ಶಾಲೆಯಲ್ಲಿ ಕರೆಂಟ್ ಇರಲಿಲ್ಲ. ಬಿಸಿಲು ಸುಡುತ್ತಿತ್ತು. ಕಾವಲುಗಾರ, ಬೆಳ್ಳಗಿನ ಗಡ್ಡದ ಮುದುಕ, ಚಕ್ರವಿದ್ದ ಪೆಟ್ರೋಲ್ ಜನರೇಟರನ್ನು ತಳ್ಳಿಕೊಂಡು ಬಂದ. ಅದನ್ನು ಮೈದಾನದ ಆಚೆ, ಕಾಂಪೌಂಡ್ ಗೋಡೆಯ ಹತ್ತಿರ ನಿಲ್ಲಿಸಲು ಹೇಳಿದವಳು ನಾದಿನಿಯೇ. "ಸದ್ದು ಮಕ್ಕಳ ಕಿವಿಗೆ ಬೀಳಬಾರ್ದು, ಹೊಗೆನೂ ಈ ಕಡೆ ಬರಬಾರ್ದು" ಎಂದಳು. ಉದ್ದದ ವೈರ್ ಎಳೆದರು. ಸಭಾಂಗಣದ ಹಿಂದೆ ಒಂದು ಜಗಲಿ ಇತ್ತು; ಮೂರು ಕಡೆ ಗೋಡೆ, ಮೇಲೆ ಮಾಡು, ಬರಿಗಾಲಿಗೂ ತಂಪೆನಿಸುವ ನೆಲ. ಬ್ಲೋವರನ್ನು ಅಲ್ಲಿಟ್ಟು, ಕೊಳವೆಯನ್ನು ಹಿಂಬಾಗಿಲಿನಿಂದ ಒಳಕ್ಕೆ ಎಳೆದಳು.

"ಡಬ್ಬಿಗೆ ಜಾಗ ಸಿಕ್ತಾ?" ಅತ್ತಿಗೆ ಕೇಳಿದಳು.

"ಸಿಕ್ತು. ಇವತ್ತು ಅದಕ್ಕೆ ಚಳಿ ಆಗತ್ತೆ ನೋಡಿ."

ಸಭಾಂಗಣದೊಳಗೆ ಗುಮ್ಮಟ ಉಸಿರೆಳೆದುಕೊಂಡು ಎದ್ದು ನಿಂತಿತು. ಮಕ್ಕಳು ಕಿಲಕಿಲ ಎನ್ನುತ್ತ ತೆವಳಿಕೊಂಡು ಒಳಬಂದರು, ಅವರ ಹಿಂದೆ ಮೊಣಕಾಲೂರಿಕೊಂಡು ಅವರ ಟೀಚರ್. ಅತ್ತಿಗೆ ಎಂದಿನಂತೆ ಮಕ್ಕಳನ್ನೆಲ್ಲ ಜೋಡಿ ಜೋಡಿಯಾಗಿ ಕೂರಿಸಿದಳು. ಕತ್ತಲಲ್ಲಿ ಹೆದರಿಕೆಯಾದರೆ ಪಕ್ಕದವರ ಕೈ ಹಿಡಿದುಕೊಳ್ಳಲಿ ಎಂದು. ನಾದಿನಿ ಬಟ್ಟೆಯ ಬಾಗಿಲಿನ ಜಿಪ್ ಎಳೆದು ಮುಚ್ಚಿ, ಡಬ್ಬಿಯ ಪಕ್ಕ ಕಾಲು ಮಡಚಿ ಕೂತಳು. ಪರದೆಯಲ್ಲಿ ಅರವತ್ತೆರಡು.

ಸೂರ್ಯ ಮುಳುಗಿದ. ಮೊದಲ ಚುಕ್ಕಿ ಕಂಡಿತು. "ಓ" ಎಂದಿತು ಕತ್ತಲು.

ಅತ್ತಿಗೆ ಮಾತಾಡುತ್ತ ಹೋದಳು. ನಾದಿನಿ ಆ ಕಥೆಗಳನ್ನು ಎಷ್ಟು ಸಲ ಕೇಳಿದ್ದಳೋ, ಆದರೂ ಕೇಳುತ್ತಿದ್ದಳು. ಚಂದ್ರ ಮೇಲೇರಿ ಹಾಲಿನಂಥ ಬೆಳಕು ಬಿದ್ದಾಗ ಅವಳ ಕಣ್ಣು ತಾನಾಗಿಯೇ ಪರದೆಯತ್ತ ಹೊರಳಿತು. ಎಪ್ಪತ್ತಾರು.

ಇರಲಿ, ಚಂದ್ರನ ಚಿತ್ರ ಭಾರದ್ದು ಎಂದುಕೊಂಡಳು. ಚಂದ್ರ ಇಳಿದ. ಸಂಖ್ಯೆ ಇಳಿಯಲಿಲ್ಲ. ಎಂಬತ್ತೊಂದು.

ಹೀಗೆ ಆಗಿಯೇ ಇರಲಿಲ್ಲ. ಅವಳು ಕಿವಿ ಹತ್ತಿರ ತಂದಳು. ಎರಡೂ ಫ್ಯಾನು ಶಕ್ತಿ ಮೀರಿ ತಿರುಗುತ್ತಿದ್ದವು. ಎಂಬತ್ತನಾಲ್ಕು. ಅಷ್ಟರಲ್ಲಿ ಒಂದು ಮಗು, "ಮಿಸ್, ಏನೋ ವಾಸ್ನೆ" ಎಂದಿತು. "ಗೋಡೆಗೆ ಹೊಸದಾಗಿ ಬಣ್ಣ ಬಳಿದಿದಾರಲ್ಲ, ಅದು. ಸುಮ್ನೆ ಮೇಲೆ ನೋಡು" ಎಂದರು ಟೀಚರ್. ಆದರೆ ಅತ್ತಿಗೆ ಕಥೆಯ ನಡುವೆ ಒಂದು ದೊಡ್ಡ ನಕ್ಷತ್ರವನ್ನು ಮಕ್ಕಳಿಗೆ ಹುಡುಕಲು ಬಿಟ್ಟು, ಬಗ್ಗಿಕೊಂಡು ಬಂದು ನಾದಿನಿಯ ಕಿವಿಯಲ್ಲಿ ಪಿಸುಗುಟ್ಟಿದಳು.

"ಲೇ, ನಿನ್ನ ಡಬ್ಬಿ ಸುಡ್ತಿದೆ ಕಣೇ. ಸುಟ್ಟ ವಾಸ್ನೆ ಬರ್ತಿದೆ."

ನಾದಿನಿ ಡಬ್ಬಿಯ ಮೇಲೆ ಬಗ್ಗಿದಳು. ಅವಳು ಮೂಗು ಎಳೆದಳು. ಏನೂ ಇಲ್ಲ. ಅವಳ ಪಾಲಿಗೆ ಜಗತ್ತು ತೊಳೆದಿಟ್ಟ ತಟ್ಟೆಯ ಹಾಗೆ. "ಎಂಥ ವಾಸ್ನೆ? ವೈರ್ ಸುಟ್ಟಿದ್ದಾ? ಪ್ಲಾಸ್ಟಿಕ್ಕಾ?"

"ನನಗೇನು ಗೊತ್ತೇ, ಸುಟ್ಟಿದ್ದು ಅಷ್ಟೇ. ಬೇಗ ನೋಡು." ಅತ್ತಿಗೆ ಎದ್ದು ಹೋಗಿ, ನಗುಮುಖದ ದನಿಯಲ್ಲಿ, "ಯಾರಿಗೆ ಸಿಕ್ತು, ಕೈ ಎತ್ತಿ" ಎಂದಳು.

ಬಟ್ಟೆಯ ಗೂಡು. ಒಂದೇ ಬಾಗಿಲು, ಅದೂ ತೆವಳಿ ಹೋಗುವಂಥದ್ದು. ಒಳಗೆ ತರಗತಿಯಷ್ಟು ಮಕ್ಕಳು. ಅವರ ನಡುವೆ, ತನ್ನ ಕೈಯಿಂದಲೇ ಕಟ್ಟಿದ, ಹೊತ್ತಿಕೊಳ್ಳಲಿರುವ ಒಂದು ತಗಡಿನ ಡಬ್ಬಿ. ನಾದಿನಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಮುಚ್ಚಳದ ಸ್ಕ್ರೂ ಬಿಚ್ಚಲು ಹೋದರೆ ಚಿಮಟಿಗೆಗೆ ಸಿಕ್ಕದ ಮುಳ್ಳಿನ ಹಾಗೆ ಜಾರಿತು. ಕೊನೆಗೆ ಮುಚ್ಚಳವನ್ನು ಕಿತ್ತೇ ತೆಗೆದಳು. ಒಳಗೆ ಕಿಡಿ ಇಲ್ಲ, ಹೊಗೆ ಇಲ್ಲ. ಕತ್ತಲಲ್ಲಿ ಬೆರಳಾಡಿಸಿ ಒಂದೊಂದೇ ವೈರ್ ಮುಟ್ಟಿ ನೋಡುವಾಗ ಏನೋ ಟಿಕ್ಕೆಂದಿತು. ಒಂದು ಫ್ಯಾನಿನ ತೆಳು ವೈರ್ ಅವಳ ಬೆರಳಿಗೇ ಸಿಕ್ಕಿ ಕಿತ್ತುಬಂದಿತ್ತು. ಆ ಫ್ಯಾನ್ ನಿಧಾನವಾಗಿ ನಿಂತಿತು.

ಎಂಬತ್ತೊಂಬತ್ತು.

ತಲೆ ಸಿಡಿಯುತ್ತಿತ್ತು. ಹೆದರಿಕೆಗೆ ತಲೆನೋವೂ ಬರುತ್ತದೆಯೇ ಎಂದುಕೊಂಡಳು. ಎದುರು ಸಾಲಿನ ಮಗುವೊಂದು ಆಕಳಿಸಿತು. ಅದರ ಪಕ್ಕದ್ದೂ ಆಕಳಿಸಿತು. ಇನ್ನೊಂದು, "ಮಿಸ್, ತಲೆ ತಿರುಗ್ತಿದೆ" ಎಂದಿತು. ಯಾರೋ ಓಕರಿಸಿದ ಸದ್ದು. "ಸೆಖೆಗೆ ಹಾಗಾಗತ್ತೆ ಪುಟ್ಟ" ಎಂದ ಟೀಚರ್ ದನಿಯೂ ತೂಕಡಿಸುವವರ ದನಿಯ ಹಾಗಿತ್ತು. ಅತ್ತಿಗೆ ಒಂದು ನಕ್ಷತ್ರದ ಹೆಸರು ಹೇಳಹೋಗಿ ತಡವರಿಸಿದಳು. ಮತ್ತೆ ಹೇಳಿದಳು, ಮತ್ತೆ ತಪ್ಪಿತು. ಎಂದೂ ತಪ್ಪದವಳು.

ಡಬ್ಬಿಗೆ ಇನ್ನಷ್ಟು ಗಾಳಿ ಸಿಗಲೆಂದು ನಾದಿನಿ ಅದನ್ನು ಕೊಳವೆಯ ಬಾಯಿಗೆ ಇನ್ನೂ ಒತ್ತಿ ಇಟ್ಟಳು. ಆಗ ಅವಳ ಅಂಗೈ ಕೊಳವೆಯ ಎದುರಿಗೆ ಬಂತು.

ಗಾಳಿ ಬಿಸಿಯಾಗಿತ್ತು.

ಡಬ್ಬಿಯಿಂದ ಹೊರಬರುವ ಗಾಳಿಯಲ್ಲ, ಹೊರಗಿನಿಂದ ಒಳಬರುವ ಗಾಳಿ. ಆ ತಂಪು ಜಗಲಿಯಿಂದ, ಒಲೆಯ ಬಾಯಿಂದ ಬಂದ ಹಾಗೆ ಬೆಚ್ಚಗೆ, ಕೈಯ ಮೇಲೆ ಬಂದು ಬೀಳುತ್ತಿತ್ತು. ಅವಳು ಕಿವಿಗೊಟ್ಟಳು. ಬ್ಲೋವರಿನ ಸದ್ದಿನ ಕೆಳಗೆ ಇನ್ನೊಂದು ಸದ್ದು, ದಡದಡ, ದಡದಡ. ಜನರೇಟರ್. ಮೈದಾನದ ಆಚೆ ಇರಬೇಕಾದದ್ದು ಗೋಡೆಯ ಹಿಂದೆಯೇ ಇತ್ತು.

ಡಬ್ಬಿಗೆ ಏನೂ ಆಗಿರಲಿಲ್ಲ. ಇಂಜಿನ್ನಿನ ಹೊಗೆ ಗುಮ್ಮಟದೊಳಕ್ಕೆ ಬರುತ್ತಿತ್ತು. ಆಕಳಿಕೆ, ತಲೆನೋವು, ವಾಂತಿ ಎಲ್ಲ ಒಂದೇ ಏಟಿಗೆ ಅರ್ಥವಾದವು. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಚಾಲೂ ಇಟ್ಟು ನಿದ್ದೆ ಹೋದವರು ಏಳಲೇ ಇಲ್ಲ ಎಂಬ ಸುದ್ದಿಗಳನ್ನು ಅವಳು ಓದಿದ್ದಳು.

ಬ್ಲೋವರ್ ಹೊರಗಿತ್ತು, ಅವಳು ಒಳಗಿದ್ದಳು. ಅದು ನಡೆದಷ್ಟು ಹೊತ್ತೂ ವಿಷ ಬರುತ್ತದೆ. ನಿಂತರೆ ಗುಮ್ಮಟ ಮಕ್ಕಳ ಮೇಲೆ ಕುಸಿಯುತ್ತದೆ. ಯೋಚಿಸಲು ಸಮಯವಿರಲಿಲ್ಲ. ದುಪ್ಪಟ್ಟ ಎಳೆದು ಕೊಳವೆಯ ಕುತ್ತಿಗೆಗೆ ಬಿಗಿದಳು, ಹಲ್ಲಿನಿಂದ ಗಂಟು ಎಳೆದಳು. ಗಾಳಿ ನಿಂತಿತು.

"ಅತ್ತಿಗೆ! ಎಲ್ಲರನ್ನೂ ಹೊರಗೆ! ಈಗಲೇ! ಜನರೇಟರ್ ಹೊಗೆ ಒಳಗೆ ಬರ್ತಿದೆ!"

ಅತ್ತಿಗೆ ಒಂದು ಕ್ಷಣ ಅರ್ಥವಾಗದವಳ ಹಾಗೆ ನಿಂತಳು. ಆಮೇಲೆ ಅವಳೊಳಗಿನ ಹಳೆಯ ಟೀಚರ್ ಎದ್ದಳು. "ಮಕ್ಕಳೇ, ಜೋಡಿ ಕೈ ಹಿಡೀರಿ. ಬಾಗಿಲ ಹತ್ರ ಇರೋರು ಮೊದಲು. ಓಡಬಾರ್ದು, ತಳ್ಳಬಾರ್ದು. ಹೊರಗೆ ಹೋದವರು ನಿಲ್ಲದೆ ಮೈದಾನದ ಮರದ ತನಕ ಹೋಗ್ಬೇಕು. ಮಿಸ್, ನೀವು ಮುಂದೆ ನಡೀರಿ."

ಜಿಪ್ ತೆರೆದ ಕೂಡಲೇ ಗುಮ್ಮಟ ನಿಟ್ಟುಸಿರು ಬಿಟ್ಟು ಕುಗ್ಗತೊಡಗಿತು. ನಕ್ಷತ್ರಗಳು ಬಾಗಿದವು, ಆಕಾಶ ಸುಕ್ಕುಗಟ್ಟಿತು. ಒಂದು ಮಗು ಕಿರುಚಿತು, ಅದನ್ನು ಕೇಳಿ ನಾಲ್ಕು ಮಕ್ಕಳು ಕಿರುಚಿದರು. ಕತ್ತಲಲ್ಲಿ ಯಾರ ಮೇಲೆ ಯಾರು ಬೀಳುತ್ತಿದ್ದಾರೆಂದು ಕಾಣುತ್ತಿರಲಿಲ್ಲ. ಬೆಳಕು ಬೇಕಿತ್ತು. ನಾದಿನಿ ತಡಕಾಡಿ ಕಾರ್ಯಕ್ರಮವನ್ನು ಕೊನೆಗೆ ಓಡಿಸಿ ಹಗಲಿನ ಆಕಾಶ ತಂದಳು. ಇಡೀ ಬಟ್ಟೆ ಬೆಳ್ಳಗೆ ನೀಲಿಯಾಯಿತು. ಮಕ್ಕಳ ಮುಖ ಕಂಡವು, ಬಾಗಿಲು ಕಂಡಿತು. ಕಿರುಚಾಟ ಅಳುವಾಗಿ ಇಳಿಯಿತು.

ತೊಂಬತ್ತೆರಡು.

ಚಿತ್ರ ಅಲುಗಾಡದೆ ನಿಂತಿದ್ದರೂ ಡಬ್ಬಿ ಅದನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಬಿಡಿಸುತ್ತಲೇ ಇರಬೇಕು. ಕೊಳವೆಯ ಗಾಳಿ ಇಲ್ಲ. ಇರುವುದು ಒಂದೇ ಫ್ಯಾನ್. ಅದು ನೂರು ಮುಟ್ಟಿದರೆ ಹಗಲು ಆರಿಹೋಗುತ್ತದೆ. ನಾದಿನಿ ಕಿತ್ತ ಮುಚ್ಚಳವನ್ನೇ ಬೀಸಣಿಗೆ ಮಾಡಿಕೊಂಡು ಬೀಸತೊಡಗಿದಳು. ಇನ್ನೊಂದು ಕೈಯಿಂದ, ಪಕ್ಕಕ್ಕೆ ಬಂದ ಮಕ್ಕಳನ್ನು ಬಾಗಿಲಿನತ್ತ ನೂಕಿದಳು. "ಹೋಗು ಪುಟ್ಟ, ಹೋಗು ಕಂದ, ಬೇಗ." ಅತ್ತಿಗೆ ನಡುವೆ ನಿಂತು, ಇಳಿಯುತ್ತಿದ್ದ ಬಟ್ಟೆಯನ್ನು ಎರಡೂ ಕೈಯಿಂದ ಮೇಲಕ್ಕೆ ಎತ್ತಿ ಹಿಡಿದಿದ್ದಳು.

ತೊಂಬತ್ತಾರು. ನಾದಿನಿ ಬಾಯಿಂದ ಉಫ್ ಉಫ್ ಎಂದು ಊದಿದಳು. ಹುಚ್ಚಿಯ ಹಾಗೆ ಕಾಣುತ್ತಿದ್ದಿರಬೇಕು. ಊದಿದಷ್ಟೂ ಅವಳ ಕಣ್ಣಿಗೇ ಕತ್ತಲು ಕವಿಯುತ್ತಿತ್ತು. "ಇನ್ನೊಂದು ಸ್ವಲ್ಪ, ಇನ್ನೊಂದೇ ಸ್ವಲ್ಪ" ಎಂದು ಡಬ್ಬಿಯನ್ನು ಬೇಡಿಕೊಂಡಳು. ತನ್ನ ಜನ್ಮದಲ್ಲಿ ಯಾವ ದೇವರನ್ನೂ ಅವಳು ಹಾಗೆ ಬೇಡಿರಲಿಲ್ಲ.

ಕೊನೆಯ ಸಾಲು ಬಾಗಿಲಿಗೆ ಮುಟ್ಟುವ ಹೊತ್ತಿಗೆ ಹಗಲು ಆರಿತು.

"ಅತ್ತಿಗೆ, ನೀವೂ ಹೋಗಿ! ಜನರೇಟರ್ ನಿಲ್ಸಿ!"

ಅತ್ತಿಗೆ ಬಟ್ಟೆ ಬಿಟ್ಟು ಹೊರಗೆ ತೆವಳಿದಳು. ಬಟ್ಟೆ ನಾದಿನಿಯ ತಲೆಯ ಮೇಲೆ ಮೆಲ್ಲಗೆ ಇಳಿದು ಮೈಗೆ ಅಂಟಿಕೊಂಡಿತು. ಅವಳೂ ಬಾಗಿಲು ತಲುಪಿದಳು. ಹೊರಗೆ ತಲೆ ಹಾಕಿದ್ದೇ ತಡ, ಎಳೆಯ ದನಿಯೊಂದು ಕೇಳಿಸಿತು. ಎರಡು ಜಡೆಯ ಒಂದು ಹುಡುಗಿ ಸಭಾಂಗಣದ ನಡುವೆ ಒಬ್ಬಳೇ ನಿಂತು, ಬರಿಗೈಯನ್ನು ಮುಂದೆ ಚಾಚಿಕೊಂಡು ಅಳುತ್ತಿದ್ದಳು.

"ನನ್ ಜೋಡಿ ಬರ್ಲಿಲ್ಲ. ಕೈ ಎಳದೆ, ಏಳ್ಲೇ ಇಲ್ಲ. ಮಲ್ಕೊಂಡ್ಬಿಟ್ಟಿದಾಳೆ."

ನಾದಿನಿ ಪೂರ್ತಿ ಹೊರಗೆ ಬಂದು ಎದ್ದು ನಿಂತಳು. ಹಿಂದೆ ತಿರುಗಿದರೆ ಗುಮ್ಮಟವಿರಲಿಲ್ಲ, ನೆಲದ ಮೇಲೆ ಬಟ್ಟೆಯ ರಾಶಿ ಇತ್ತು. ಅದರ ಕೆಳಗೆ ಎಲ್ಲೋ ಒಂದು ಮಗು ಇತ್ತು.

"ಎಲ್ಲಿ ಕೂತಿದ್ರಿ? ಬಾಗಿಲ ಹತ್ರನಾ, ಆ ಕಡೆಗಾ?"

"ಆ ಕಡೆ. ಗೋಡೆಗೆ ಒರಗಿ."

"ನೀನು ಮರದ ಹತ್ರ ಓಡು. ನಿನ್ನ ಜೋಡಿನ ನಾನು ಕರ್ಕೊಂಡು ಬರ್ತೀನಿ."

ಹೇಳಿದ್ದೇನೋ ಹೇಳಿದಳು. ಆದರೆ ಬಟ್ಟೆಯ ಅಂಚು ಎತ್ತಿ ಆ ಕತ್ತಲನ್ನು ನೋಡಿದಾಗ ಅವಳ ಮೈಯ ಒಂದೊಂದು ಕೂದಲೂ ಬೇಡ ಎಂದಿತು. ಒಳಗೆ ಹೋದರೆ ತಾನೂ ಅಲ್ಲೇ ಮಲಗಿಬಿಟ್ಟರೆ? ತಲೆಯೊಳಗೆ ಯಾರೋ ಸುತ್ತಿಗೆಯಿಂದ ಬಡಿಯುತ್ತಿದ್ದರು. ಅವಳು ಸಭಾಂಗಣದ ಬಾಗಿಲಿನತ್ತ ಮುಖ ಮಾಡಿ ಎದೆ ತುಂಬ ಉಸಿರೆಳೆದುಕೊಂಡಳು, ಬಾಯಿ ಮುಚ್ಚಿಕೊಂಡಳು, ಒಳಗೆ ನುಗ್ಗಿದಳು.

ಬಟ್ಟೆ ಭಾರವಾಗಿತ್ತು. ಬೆನ್ನಿನಿಂದ ಅದನ್ನು ಎತ್ತುತ್ತ, ಕೈಯಿಂದ ಚಾಪೆ ಸವರುತ್ತ ತೆವಳಿದಳು. ಒಂದು ನೀರಿನ ಬಾಟಲಿ ಸಿಕ್ಕಿತು. ಒಂದು ಒಂಟಿ ಶೂ ಸಿಕ್ಕಿತು. ಡಬ್ಬಿ ಕೈಗೆ ಸಿಕ್ಕಿ ಚುರ್ರೆಂದು ಬೆರಳು ಸುಟ್ಟಿತು. ಉಸಿರು ಮುಗಿಯುತ್ತ ಬಂತು, ಎದೆ ಒದ್ದಾಡಿತು. ತಡೆಯಲಾರದೆ ಒಮ್ಮೆ ಎಳೆದುಕೊಂಡಳು. ಮೈ ಸಡಿಲಾಯಿತು. ಇಲ್ಲೇ ಒಂದು ಗಳಿಗೆ ತಲೆ ಇಟ್ಟರೆ ಏನು ಎನಿಸಿತು. ಆ ಆಸೆ ಎಷ್ಟು ಹಿತವಾಗಿತ್ತೆಂದರೆ, ಅದರ ಹಿತಕ್ಕೇ ಅವಳು ಬೆಚ್ಚಿಬಿದ್ದಳು. ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಂಡು ಕೈ ಮುಂದೆ ಚಾಚಿದಳು. ಬೆರಳಿಗೆ ಸಿಕ್ಕಿದ್ದು ಒಂದು ಪುಟ್ಟ ಕಾಲು. ಕಾಲುಚೀಲ. ಬೆಚ್ಚಗಿತ್ತು.

ಎಳೆದಳು. ಮಗು ಗೋಣಿಚೀಲದ ಹಾಗೆ ಜಾರಿಕೊಂಡು ಬಂತು. ಬಾಗಿಲು ಯಾವ ಕಡೆ ಎಂದು ತಿಳಿಯಲಿಲ್ಲ. ಹಾಗೇ ಹಿಂದೆ ಹಿಂದೆ ಸರಿದಳು. ಇದ್ದಕ್ಕಿದ್ದಂತೆ ಯಾರೋ ಮೇಲಿನಿಂದ ಬಟ್ಟೆಯನ್ನು ಎತ್ತಿದರು, ಬೆಳಕು ಕಣ್ಣಿಗೆ ಬಡಿಯಿತು. ಕಾವಲುಗಾರ. ಮುದುಕ ಏನನ್ನೂ ಕೇಳದೆ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ, ಇನ್ನೊಂದು ಕೈಯಿಂದ ನಾದಿನಿಯ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದ.

ಹೊರಗೆ ಬಿಸಿಲು ಹಾಗೇ ಸುಡುತ್ತಿತ್ತು. ದಡದಡ ಸದ್ದು ನಿಂತಿತ್ತು. ಮರದ ಕೆಳಗೆ ಮಕ್ಕಳು ಅಳುತ್ತಿದ್ದರು, ಕೆಲವರು ಬಗ್ಗಿಕೊಂಡು ವಾಂತಿ ಮಾಡುತ್ತಿದ್ದರು. ಅಳುವ ಮಕ್ಕಳನ್ನು ಕಂಡು ನಾದಿನಿಗೆ ಧೈರ್ಯವಾಯಿತು; ಅಳುವವರು ಬದುಕಿರುತ್ತಾರೆ. ಟೀಚರ್ ಮರಕ್ಕೆ ಒರಗಿ ಫೋನಿನಲ್ಲಿ ಆಂಬುಲೆನ್ಸಿಗೆ ಕೂಗಿ ಕೂಗಿ ಹೇಳುತ್ತಿದ್ದರು. ಕಾವಲುಗಾರ ಮಲಗಿಸಿದ ಹುಡುಗಿಯ ಎದೆ ಮೆಲ್ಲಗೆ ಏರಿಳಿಯುತ್ತಿತ್ತು.

"ನಮ್ಮತ್ತಿಗೆ ಎಲ್ಲಿ?" ನಾದಿನಿ ಕೇಳಿದಳು.

ಕಾವಲುಗಾರ ಜಗಲಿಯತ್ತ ನೋಡಿದ. ಅವಳು ಎದ್ದು ಬಿದ್ದು ಓಡಿದಳು.

ಅತ್ತಿಗೆ ಜನರೇಟರಿನ ಪಕ್ಕದಲ್ಲೇ ಬಿದ್ದಿದ್ದಳು. ಒಂದು ಕೈ ಇನ್ನೂ ಅದರ ಸ್ವಿಚ್ಚಿನ ಹತ್ತಿರ ಇತ್ತು. ನಿಲ್ಲಿಸುವಷ್ಟು ಶಕ್ತಿ ಇತ್ತು, ನಿಲ್ಲಿಸಿದ ಮೇಲೆ ವಾಪಸು ಬರುವಷ್ಟು ಇರಲಿಲ್ಲ. ಗುಮ್ಮಟದೊಳಗೆ ಇದ್ದವರಲ್ಲೆಲ್ಲ ಎಡೆಬಿಡದೆ ಮಾತಾಡಿದವಳು ಅವಳೊಬ್ಬಳೇ. ಎಲ್ಲರಿಗಿಂತ ಹೆಚ್ಚು ಉಸಿರು ಎಳೆದುಕೊಂಡವಳೂ ಅವಳೇ. ನಾದಿನಿ ಅವಳ ಎರಡೂ ಕಂಕುಳಿಗೆ ಕೈ ಹಾಕಿ ಬಿಸಿಲಿಗೆ ಎಳೆದು ತಂದಳು. ಕೆನ್ನೆ ತಟ್ಟಿದಳು. "ಅತ್ತಿಗೆ, ಅತ್ತಿಗೆ, ನೋಡಿ ಇಲ್ಲಿ. ಬೈಯಿರಿ ನನ್ನ. ಏನಾದ್ರೂ ಅನ್ನಿ." ಇಡೀ ದಿನ ಸುಮ್ಮನಿರು ಎಂದರೂ ಸುಮ್ಮನಿರದ ಬಾಯಿ ಅರ್ಧ ತೆರೆದುಕೊಂಡು ಸುಮ್ಮನಿತ್ತು.

ಆಸ್ಪತ್ರೆಯಲ್ಲಿ ಮಕ್ಕಳಿಗೆಲ್ಲ ಮೂಗಿಗೆ ಮುಖವಾಡ ಹಾಕಿ ಆಮ್ಲಜನಕ ಕೊಟ್ಟರು. ಹೆಚ್ಚಿನವರು ಸಂಜೆಯ ಹೊತ್ತಿಗೆ ಎದ್ದು ಕೂತು ಹಸಿವು ಎಂದರು. ಕೊನೆಯಲ್ಲಿ ಸಿಕ್ಕ ಹುಡುಗಿ ತಡವಾಗಿ ಕಣ್ಣು ಬಿಟ್ಟಳು, ಬಿಟ್ಟದ್ದೇ ತನ್ನ ಒಂದು ಶೂ ಎಲ್ಲಿ ಎಂದು ಕೇಳಿದಳಂತೆ. ಅವಳ ತಾಯಿ ಓಣಿಯಲ್ಲಿ ಕೂತಿದ್ದ ನಾದಿನಿಯ ಎದುರಿಗೆ ಬಂದು ನಿಂತಳು.

"ಆ ಬಟ್ಟೆ ಒಳಗೆ ಮಕ್ಕಳನ್ನ ಕೂರಿಸಿದ್ದು ನೀವೇನಾ?"

"ಹೌದು."

"ನನ್ ಮಗಳನ್ನ ಹೊರಗೆ ತಂದಿದ್ದೂ ನೀವೇನಾ?"

"ಹೌದು."

ತಾಯಿಯ ತುಟಿ ಅಲುಗಿತು. ಬೈಯಬೇಕೋ ಕೈ ಮುಗಿಯಬೇಕೋ ತಿಳಿಯದೆ ಅವಳು ಅಲ್ಲೇ ಗೋಡೆಗೆ ಆತುಕೊಂಡು ಅತ್ತಳು. ಆಮೇಲೆ ಮಗಳಿದ್ದ ಕೋಣೆಗೆ ಹೊರಟುಹೋದಳು.

ಕಾವಲುಗಾರನೂ ಬಂದ. ಬಾಗಿಲಲ್ಲೇ ನಿಂತು ಟೋಪಿಯನ್ನು ಹಿಂಡುತ್ತಿದ್ದ. "ನೆರಳಿಗೆ ಸರಿಸಿದೆ ತಾಯಿ, ಅಷ್ಟೇ. ಬಿಸಿಲಲ್ಲಿ ಅದು ಕಾದು ಕಾದು ಕೆಂಡ ಆಗಿತ್ತು. ನಿಂತುಬಿಟ್ರೆ ಮಕ್ಕಳ ಆಟ ಕೆಟ್ಟುಹೋಗತ್ತಲ್ಲ ಅಂತ ನನಗೆ ಹೆದರಿಕೆ. ಅಲ್ಲಿ ತಂಪಾಗಿತ್ತು. ನನ್ನ ಕೈಯಾರೆ ಇಂಥ ಕೆಲಸ ಆಗೋಯ್ತು."

ನಾದಿನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. "ನಾನೂ ಅದಕ್ಕೇ ಬ್ಲೋವರ್ ಅಲ್ಲಿಟ್ಟಿದ್ದು ತಾತ" ಎಂದಳು. "ಅಲ್ಲಿ ಜನರೇಟರ್ ತರಬೇಡಿ ಅಂತ ನಾನು ನಿಮಗೆ ಹೇಳಲೇ ಇಲ್ಲ. ಕೂತ್ಕೊಳ್ಳಿ." ಮುದುಕ ಅವಳ ಪಕ್ಕದ ಬೆಂಚಿನ ತುದಿಯಲ್ಲಿ ಕೂತ. ಅತ್ತಿಗೆಯ ಕೋಣೆಯ ಬಾಗಿಲನ್ನೇ ನೋಡುತ್ತ ಇಬ್ಬರೂ ಕೂತರು.

ಅತ್ತಿಗೆಗೆ ಎಚ್ಚರವಾದದ್ದು ಮರುದಿನ. ಮೊದಲು ಮಕ್ಕಳನ್ನು ಕೇಳಿದಳು. ಎಲ್ಲರೂ ಹುಷಾರು ಎಂದ ಮೇಲೆ ನಾದಿನಿಯ ಸುಟ್ಟ ಬೆರಳಿನ ಪಟ್ಟಿ ನೋಡಿ, "ಇದೇನೇ?" ಎಂದಳು. "ಹೆಗ್ಗಣ ಕಚ್ತು" ಎಂದಳು ನಾದಿನಿ. ಅತ್ತಿಗೆ ನಗಲಿಲ್ಲ. ಯಾವ ಹೆಗ್ಗಣ ಎಂಬಂತೆ ಸುಮ್ಮನೆ ನೋಡಿದಳು. ಆ ನೋಟ ಕಂಡು ನಾದಿನಿಗೆ ಗುಮ್ಮಟದೊಳಗೆ ಆದದ್ದಕ್ಕಿಂತ ದೊಡ್ಡ ಹೆದರಿಕೆಯಾಯಿತು.

ಡಾಕ್ಟರ್ ಮುಚ್ಚುಮರೆ ಇಲ್ಲದೆ ಹೇಳಿದರು. "ಈ ವಿಷಗಾಳಿ ಮೆದುಳಿಗೆ ಸ್ವಲ್ಪ ಏಟು ಹಾಕಿದೆ. ನೆನಪು ಆಗಾಗ ಕೈ ಕೊಡಬಹುದು. ನಿಧಾನಕ್ಕೆ ಸರಿಹೋಗತ್ತೆ ಅಂತ ಅಂದ್ಕೊಂಡಿದೀನಿ. ಎಷ್ಟು ಬೇಗ, ಎಷ್ಟರ ಮಟ್ಟಿಗೆ ಅಂತ ಮಾತ್ರ ಈಗಲೇ ಹೇಳಕ್ಕಾಗಲ್ಲ."

ಮನೆಗೆ ಬಂದ ಮೇಲೆ ಅತ್ತಿಗೆ ಕೊಡ ಇಟ್ಟ ಜಾಗ ಮರೆಯುತ್ತಿದ್ದಳು, ಮಾತಿನ ನಡುವೆ ನಿಂತು ಗಾಳಿಯಲ್ಲಿ ಪದ ಹುಡುಕುತ್ತಿದ್ದಳು. ಅಣ್ಣ ಹಡಗಿನಿಂದ ಫೋನ್ ಮಾಡಿದಾಗ ಅವನ ಹೆಸರು ಬಾಯಿಗೆ ಬಾರದೆ "ರೀ" ಎಂದು ನಿಭಾಯಿಸಿದಳು. ಅವನಿಗೆ ಗೊತ್ತಾಗಲಿಲ್ಲ, ನಾದಿನಿಗೆ ಗೊತ್ತಾಯಿತು. ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು. ಸಂಜೆ ಹೊತ್ತು ಇಬ್ಬರೂ ಟೆರೇಸಿನಲ್ಲಿ ಕೂತು ಒಂದೊಂದೇ ನಕ್ಷತ್ರದ ಹೆಸರನ್ನು ಮತ್ತೆ ಕಲಿತರು. ಈ ಸಲ ಟೀಚರ್ ನಾದಿನಿ. ಅತ್ತಿಗೆ ಹೆಸರು ಮರೆತಾಗಲೆಲ್ಲ ಸಿಟ್ಟಿನಿಂದ, "ಇವುಗಳೇನು ನನ್ನ ನೆಂಟರಾ, ಎಲ್ಲರ ಹೆಸರೂ ನೆನಪಿಟ್ಟುಕೊಳ್ಳಕ್ಕೆ" ಎನ್ನುತ್ತಿದ್ದಳು. ಹಾಗೆ ಅಂದ ದಿನ ನಾದಿನಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಮತ್ತೆ ಗುಮ್ಮಟ ಬಿಚ್ಚೋಣ ಎಂದವಳು ಅತ್ತಿಗೆಯೇ. ನಾದಿನಿ ಆಗುವುದಿಲ್ಲ ಎಂದಳು, ತಿಂಗಳುಗಟ್ಟಲೆ ಎಂದಳು. ಕೊನೆಗೆ ಒಪ್ಪಿದಳು. ವಿಷಗಾಳಿಗೆ ಕೂಗುವ ಅಲಾರಂ ಒಂದನ್ನು ಒಳಗೂ ಒಂದನ್ನು ಹೊರಗೂ ಹಾಕಿದಳು. ಬಟ್ಟೆಗೆ ಇನ್ನೊಂದು ಬಾಗಿಲು ಹೊಲಿಸಿದಳು. ಜನರೇಟರ್ ಇರುವ ಶಾಲೆಗೆ ಹೋಗಲೇ ಇಲ್ಲ. ಡಬ್ಬಿಯನ್ನು ಗುಮ್ಮಟದ ನಡುವೆ, ಕೊಳವೆಯಿಂದ ದೂರ ಇಟ್ಟಳು. ಬಿಸಿಯಾಗಿ ಆಗಾಗ ಅದು ಆರಿಹೋಗುತ್ತಿತ್ತು. ಆರಲಿ, ಮಕ್ಕಳು ಹೊರಗೆ ಬಂದು ನೀರು ಕುಡಿದು ಹೋಗಲಿ ಎನ್ನುತ್ತಿದ್ದಳು.

ಅವಳು ಮಾತ್ರ ಒಳಗೆ ಹೋಗಲಿಲ್ಲ. ಮೊದಲ ಪ್ರದರ್ಶನದ ದಿನ ಬ್ಲೋವರಿನ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು, ಯಾರನ್ನೂ ಹತ್ತಿರ ಸುಳಿಯಲು ಬಿಡದೆ, ನಾಯಿ ಕಾದ ಹಾಗೆ ಕಾದಳು. ಬಟ್ಟೆಯ ಆಚೆಯಿಂದ ಅತ್ತಿಗೆಯ ದನಿ ಕೇಳುತ್ತಿತ್ತು. ಮೊದಮೊದಲು ಅಳುಕು, ಆಮೇಲೆ ಹುರುಪು. ಒಂದೊಂದು ಹೆಸರೂ ಸರಿಯಾಗಿ ಬರುತ್ತಿತ್ತು. ನಾದಿನಿ ತುಟಿಯಲ್ಲೇ ಜೊತೆಗೂಡಿ ಹೇಳುತ್ತಿದ್ದಳು.

"ಈಗ ನಿಮಗೆ ಕಾಣ್ತಿರೋ ಈ ಕೆಂಪು ಚುಕ್ಕಿ ಇದೆಯಲ್ಲ, ಇದರ ಹೆಸರು..."

ದನಿ ನಿಂತಿತು.

ನಾದಿನಿ ಸ್ಟೂಲಿನಿಂದ ಎದ್ದಳು. ಬ್ಲೋವರಿನ ಬಾಯಿಗೆ ಅಂಗೈ ಒಡ್ಡಿದಳು, ಗಾಳಿ ತಂಪಾಗಿತ್ತು. ಅಲಾರಂ ನೋಡಿದಳು, ಹಸಿರು. ಆದರೂ ಒಳಗೆ ಮೌನ. ಜಿಪ್ಪಿಗೆ ಕೈ ಹಾಕಿದಳು.

"...ಯಾರಿಗೂ ಗೊತ್ತಿಲ್ವಾ? ಹಾಗಾದ್ರೆ ಸೋತಿರಿ ಅಂತ ಒಪ್ಕೊಳ್ಳಿ, ಹೇಳ್ತೀನಿ" ಎಂದಳು ಅತ್ತಿಗೆ. ಮಕ್ಕಳು ಗೊಳ್ಳೆಂದು ನಕ್ಕರು.

ಜಿಪ್ ಬಿಟ್ಟು ಬಂದು ನಾದಿನಿ ಮತ್ತೆ ಸ್ಟೂಲಿನ ಮೇಲೆ ಕೂತಳು. ಬ್ಲೋವರಿನ ಬಾಯಿಗೆ ಮತ್ತೊಮ್ಮೆ ಅಂಗೈ ಒಡ್ಡಿದಳು.